ಏಳು ತಂತಿಯ ಪಿಟೀಲು: ಟಿ. ಚೌಡಯ್ಯನವರ ಬದುಕು

(ದ್ವಿತೀಯ ಪಿಯುಸಿ, ವಿಜ್ಞಾನ ವಿಭಾಗದಿಂದ)

ಕಳೆದ ವರ್ಷ ನಮ್ಮ ಕಾಲೇಜಿನ ವಾರ್ಷಿಕೋತ್ಸವದ ಮಧ್ಯಾಹ್ನ ಹಲವರಿಗೆ ನೆನಪಿರಬೇಕು. ಪ್ರಥಮ ಪಿಯುಸಿಯ ವಿದ್ಯಾರ್ಥಿನಿಯೊಬ್ಬಳು ಹಾಡುತ್ತಿದ್ದಾಗ ಕರೆಂಟ್ ಹೋಯಿತು, ಮೈಕ್ ಬಂದಾಯಿತು. ಆಕೆ ಹಾಡು ನಿಲ್ಲಿಸಲಿಲ್ಲ. ಮುಂದಿನ ಎರಡು ಮೂರು ಸಾಲಿನವರು ಕೊನೆಯವರೆಗೂ ಕೇಳಿ ಚಪ್ಪಾಳೆ ತಟ್ಟಿದರು. ಹಿಂದೆ ಶಾಮಿಯಾನದ ಕಂಬದ ಹತ್ತಿರ ನಿಂತಿದ್ದ ನಮಗೆ ಆಕೆ ಹಾಡುತ್ತಿರುವುದು ಕಾಣುತ್ತಿತ್ತು, ಕೇಳುತ್ತಿರಲಿಲ್ಲ. ಕೇಳದಿದ್ದ ಮೇಲೆ ನಾವು ನಮ್ಮ ನಮ್ಮ ಮಾತು ಶುರು ಮಾಡಿದೆವು. ಗದ್ದಲ ಹೆಚ್ಚಾಯಿತು, ಹಾಡು ಮುಗಿದದ್ದೂ ನಮಗೆ ಗೊತ್ತಾಗಲಿಲ್ಲ.

ಮರುದಿನ ಭೌತಶಾಸ್ತ್ರದ ತರಗತಿಯಲ್ಲಿ ನಮ್ಮ ಉಪನ್ಯಾಸಕರು ಬೈಯಲಿಲ್ಲ. ಬೋರ್ಡಿನ ಮೇಲೆ ಒಂದು ಚುಕ್ಕೆ ಇಟ್ಟು, ಅದರ ಸುತ್ತ ವೃತ್ತಗಳನ್ನು ಬರೆದರು. ಬಯಲಿನಲ್ಲಿ ದೂರ ಎರಡು ಪಟ್ಟಾದರೆ ಧ್ವನಿಯ ತೀವ್ರತೆ ನಾಲ್ಕನೇ ಒಂದು ಪಾಲಿಗೆ ಇಳಿಯುತ್ತದೆ, ದೂರ ಮೂರು ಪಟ್ಟಾದರೆ ಒಂಬತ್ತನೇ ಒಂದು ಪಾಲಿಗೆ ಇಳಿಯುತ್ತದೆ ಎಂದು ವಿವರಿಸಿದರು. ಮೈಕ್ ಇಲ್ಲದ ಕಾಲದಲ್ಲಿ ಈ ಕಷ್ಟಕ್ಕೆ ಸಿಕ್ಕಿಕೊಂಡ ನಮ್ಮ ರಾಜ್ಯದ ಒಬ್ಬ ಕಲಾವಿದ ಅದನ್ನು ತನ್ನದೇ ರೀತಿಯಲ್ಲಿ ಬಿಡಿಸಿದ ಸಂಗತಿಯನ್ನೂ ಹೇಳಿದರು. ಆ ಕಲಾವಿದ ಪಿಟೀಲು ಚೌಡಯ್ಯ. ಹೆಸರು ಕೇಳಿದ್ದೆ, ಬೆಂಗಳೂರಿನಲ್ಲಿ ಅವರ ಹೆಸರಿನ ಭವನವಿದೆ ಎಂದೂ ಗೊತ್ತಿತ್ತು. ಆದರೆ ಅವರು ಮಾಡಿದ ಕೆಲಸ ಏನೆಂದು ಗೊತ್ತಿರಲಿಲ್ಲ. ತಿಳಿದುಕೊಂಡ ಮೇಲೆ ನಿಮಗೂ ಹೇಳಬೇಕೆನಿಸಿತು.

ಹುಟ್ಟಿದ ಊರು

ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದ ಬಳಿ ಕಾವೇರಿ ಮತ್ತು ಕಪಿಲಾ ನದಿಗಳು ಕೂಡುತ್ತವೆ. ಕಣ್ಣಿಗೆ ಕಾಣದ ಸ್ಫಟಿಕ ಸರೋವರವೂ ಅಲ್ಲಿ ಸೇರುತ್ತದೆ ಎಂಬುದು ಜನರ ನಂಬಿಕೆ. ಮೂರು ಕೂಡುವ ಜಾಗ ಆದ್ದರಿಂದ ಅದು ತಿರುಮಕೂಡಲು. ಅಲ್ಲಿ 1895ರ ಜನವರಿ 1ರಂದು ಒಕ್ಕಲಿಗ ಕುಟುಂಬವೊಂದರಲ್ಲಿ ಚೌಡಯ್ಯ ಹುಟ್ಟಿದರು. ತಂದೆ ಅಗಸ್ತ್ಯೇಗೌಡ, ತಾಯಿ ಸುಂದರಮ್ಮ. ಅವರ ಹೆಸರಿನ ಮುಂದಿರುವ 'ಟಿ.' ಎಂಬುದು ಈ ಊರಿನ ಹೆಸರು. ಮುಂದೆ ತಾವು ರಚಿಸಿದ ಕೃತಿಗಳಿಗೆ ಅವರು ಹಾಕಿಕೊಂಡ ಅಂಕಿತವೂ ಊರಿನದೇ: ತ್ರಿಮಕುಟ. ಊರು ಬಿಟ್ಟು ದೂರ ಹೋದ ಮನುಷ್ಯ ಊರಿನ ಹೆಸರನ್ನು ಜೀವನಪೂರ್ತಿ ಜೊತೆಗಿಟ್ಟುಕೊಂಡರು.

ಆ ಕಾಲದಲ್ಲಿ ಕರ್ನಾಟಕ ಸಂಗೀತವೆಂದರೆ ತಲೆಮಾರುಗಳಿಂದ ಅದನ್ನೇ ಕಸುಬು ಮಾಡಿಕೊಂಡ ಮನೆತನಗಳ ಕೈಯಲ್ಲಿದ್ದ ವಿದ್ಯೆ. ಒಕ್ಕಲುತನದ ಸಮುದಾಯದ ಹುಡುಗನೊಬ್ಬ ಆ ದಾರಿ ಹಿಡಿಯುವುದು ಸುಲಭದ ಮಾತಾಗಿರಲಿಲ್ಲ. ಅದಕ್ಕೆ ಗುರು ಬೇಕಿತ್ತು.

ಗುರುವಿನ ಮನೆ

1910ರಲ್ಲಿ, 15ನೇ ವಯಸ್ಸಿನಲ್ಲಿ ಚೌಡಯ್ಯ ಮೈಸೂರಿಗೆ ಬಂದು ಬಿಡಾರಂ ಕೃಷ್ಣಪ್ಪನವರ ಶಿಷ್ಯರಾದರು. ಕೃಷ್ಣಪ್ಪನವರು ದೊಡ್ಡ ಗಾಯಕರು, ಶಿಸ್ತಿಗೆ ಹೆಸರಾದವರು. 1918ರವರೆಗೆ, ಅಂದರೆ ಎಂಟು ವರ್ಷ, ಈ ಶಿಕ್ಷಣ ನಡೆಯಿತು. ನಾವು ಎರಡು ವರ್ಷದ ಪಿಯುಸಿಗೇ ಸುಸ್ತಾಗುತ್ತೇವೆ. ಅವರದು ಪರೀಕ್ಷೆಯಿಲ್ಲದ, ರಜೆಯಿಲ್ಲದ, ದಿನವೂ ಪರೀಕ್ಷೆಯಂತಿದ್ದ ಎಂಟು ವರ್ಷ.

ಇಲ್ಲಿ ಒಂದು ವಿಷಯ ಗಮನಿಸಬೇಕು. ಗುರು ಹಾಡುಗಾರರು, ಶಿಷ್ಯ ಪಿಟೀಲುಗಾರ. ಹಾಡುವವರ ಪಕ್ಕದಲ್ಲಿ ಕೂತು ಅವರ ಒಂದೊಂದು ಎಳೆಯನ್ನೂ ಹಿಂಬಾಲಿಸುವುದು ಪಕ್ಕವಾದ್ಯದವರ ಕೆಲಸ. ಹಾಡುವವರು ಮುಂದೆ ಎಲ್ಲಿಗೆ ಹೋಗುತ್ತಾರೆ ಎಂದು ಮೊದಲೇ ತಿಳಿಯುವುದಿಲ್ಲ. ಕಿವಿ ಚುರುಕಿರಬೇಕು, ಕೈ ಅದಕ್ಕಿಂತ ಚುರುಕಿರಬೇಕು. ಗಾಯಕರಿಂದಲೇ ಕಲಿತದ್ದರಿಂದ ಚೌಡಯ್ಯನವರ ಪಿಟೀಲಿಗೆ ಹಾಡಿನ ಗುಣ ಬಂತು. ಗುರುಗಳ ಕಚೇರಿಗಳಲ್ಲಿ ಪಕ್ಕದಲ್ಲಿ ಕೂತು ನುಡಿಸುತ್ತಲೇ ಅವರು ಬೆಳೆದರು.

ಆಗಿನ ಮೈಸೂರು ಸಂಗೀತಕ್ಕೆ ಒಳ್ಳೆಯ ನೆಲವಾಗಿತ್ತು. ಮಹಾರಾಜರಾಗಿದ್ದ ನಾಲ್ವಡಿ ಕೃಷ್ಣರಾಜ ಒಡೆಯರ್ ಸ್ವತಃ ಪಿಟೀಲು ಸೇರಿದಂತೆ ಹಲವು ವಾದ್ಯಗಳನ್ನು ನುಡಿಸಬಲ್ಲವರಾಗಿದ್ದರು. ಅರಮನೆಯಲ್ಲಿ ವೀಣೆ ಶೇಷಣ್ಣನವರಂಥ ವಿದ್ವಾಂಸರಿದ್ದರು. ತಿಳಿದು ಕೇಳುವ ಜನರೂ ಇದ್ದರು.

ಪಿಟೀಲು ಬಂದ ದಾರಿ

ಚೌಡಯ್ಯ ಕೈಗೆತ್ತಿಕೊಂಡ ವಾದ್ಯ ನಮ್ಮ ನಾಡಿನದಲ್ಲ. ಅದು ಬಂದ ದಾರಿ ಬಹಳ ಉದ್ದ. ಕಮಾನಿನಿಂದ ಉಜ್ಜಿ ನುಡಿಸುವ ರಬಾಬ್ ಎಂಬ ವಾದ್ಯ ಅರಬರ ನಾಡಿನಲ್ಲಿತ್ತು. 10ನೇ ಶತಮಾನದ ತತ್ವಜ್ಞಾನಿ ಅಲ್ ಫಾರಾಬಿ ಸಂಗೀತದ ಮೇಲೆ ಬರೆದ ದೊಡ್ಡ ಗ್ರಂಥದಲ್ಲಿ ರಬಾಬಿನ ವಿಚಾರವಿದೆ. ಈ ಜಾತಿಯ ವಾದ್ಯ ಸ್ಪೇನ್ ಮೂಲಕ ಯುರೋಪಿಗೆ ಹೋಗಿ ರೆಬೆಕ್ ಎಂಬ ಹೆಸರು ಪಡೆಯಿತು. ಅಂಥ ಹಳೆಯ ವಾದ್ಯಗಳು ಒಂದರಿಂದೊಂದು ಕಲಿತು 16ನೇ ಶತಮಾನದ ಇಟಲಿಯಲ್ಲಿ ಇಂದಿನ ವಯೊಲಿನ್ ಆಯಿತು. ಕ್ರೆಮೋನಾ ಎಂಬ ಸಣ್ಣ ಊರಿನಲ್ಲಿ ಅಮಾಟಿ ಮನೆತನದವರು ಅದಕ್ಕೆ ಅಳತೆ ಕಟ್ಟಿಕೊಟ್ಟರು. ಅದೇ ಊರಿನ ಸ್ಟ್ರಾಡಿವರಿ ತಾನು ಸಂಸಾರ ಮಾಡಿಕೊಂಡಿದ್ದ ಮನೆಯಲ್ಲೇ ಕಾರ್ಖಾನೆ ಇಟ್ಟುಕೊಂಡು, ಮೆರುಗು ಬಳಿದ ವಯೊಲಿನ್‌ಗಳನ್ನು ಮಾಳಿಗೆಯ ಮೇಲೆ ಒಣಗಿಸುತ್ತಿದ್ದ. 1737ರಲ್ಲಿ ತೊಂಬತ್ತು ದಾಟಿದ ವಯಸ್ಸಿನಲ್ಲಿ ತೀರಿಹೋಗುವವರೆಗೂ ಕೈಯಿಂದ ಉಳಿ ಕೆಳಗಿಡಲಿಲ್ಲ. ಇಂದಿಗೂ ಅವನ ವಯೊಲಿನ್‌ಗಳಿಗೆ ಜಗತ್ತಿನಲ್ಲಿ ಅತಿ ಹೆಚ್ಚು ಬೆಲೆ.

ದಕ್ಷಿಣ ಭಾರತಕ್ಕೆ ಈ ವಾದ್ಯ ಯುರೋಪಿಯನ್ನರ ಜೊತೆ ಬಂತು. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಅದನ್ನು ಕಲಿತು ನಮ್ಮ ರಾಗಗಳಿಗೆ ಒಗ್ಗಿಸಿದರು. ಯುರೋಪಿನವರು ನಿಂತು, ಗದ್ದದ ಕೆಳಗೆ ಇಟ್ಟುಕೊಂಡು ನುಡಿಸುತ್ತಾರೆ. ನಮ್ಮವರು ನೆಲದ ಮೇಲೆ ಕೂತು, ಒಂದು ತುದಿಯನ್ನು ಎದೆಗೂ ಇನ್ನೊಂದು ತುದಿಯನ್ನು ಪಾದಕ್ಕೂ ಆನಿಸಿದರು. ಹೀಗಾಗಿ ಎಡಗೈಗೆ ವಾದ್ಯ ಹಿಡಿಯುವ ಭಾರ ತಪ್ಪಿತು, ಗಮಕಕ್ಕಾಗಿ ಬೆರಳು ಸರಾಗವಾಗಿ ಜಾರಲು ಬಿಡುವು ಸಿಕ್ಕಿತು. ನಾಲ್ಕು ತಂತಿಗಳ ಶ್ರುತಿಯನ್ನೂ ಬದಲಿಸಿ ಷಡ್ಜ, ಪಂಚಮ, ಷಡ್ಜ, ಪಂಚಮ ಎಂದು ಮಾಡಿಕೊಂಡರು. ಹೆಸರು ಕೂಡ ಜನರ ಬಾಯಲ್ಲಿ ಪಿಟೀಲು ಆಯಿತು. ಇಷ್ಟೆಲ್ಲಾ ಬದಲಾದರೂ ಮರದ ಪೆಟ್ಟಿಗೆಯನ್ನು ಮಾತ್ರ ಯಾರೂ ಮುಟ್ಟಿರಲಿಲ್ಲ. ತಂತಿ ನಾಲ್ಕೇ ಇದ್ದವು.

ಹಿಂದಿನ ಸಾಲಿನ ಸಮಸ್ಯೆ

1920ರ ದಶಕದ ಹೊತ್ತಿಗೆ ಕಚೇರಿಗಳು ಬದಲಾಗುತ್ತಿದ್ದವು. ಅರಮನೆಯ ಕೋಣೆಯಲ್ಲಿ, ಶ್ರೀಮಂತರ ಮನೆಯ ಪಡಸಾಲೆಯಲ್ಲಿ ನಡೆಯುತ್ತಿದ್ದ ಸಂಗೀತ ಈಗ ದೇವಸ್ಥಾನದ ಅಂಗಳಕ್ಕೆ, ಚಪ್ಪರಕ್ಕೆ, ಟಿಕೆಟ್ ಇಟ್ಟ ಸಭೆಗಳಿಗೆ ಬಂತು. ನೂರಾರು ಜನ ಸೇರತೊಡಗಿದರು. ಗಟ್ಟಿ ಕಂಠದ ಗಾಯಕರು ಹೇಗೋ ಕೊನೆಯ ಸಾಲನ್ನು ಮುಟ್ಟುತ್ತಿದ್ದರು. ಮೃದಂಗದ ಪೆಟ್ಟೂ ಮುಟ್ಟುತ್ತಿತ್ತು. ನಡುವೆ ಪಿಟೀಲು ಮಾತ್ರ ಕರಗಿಹೋಗುತ್ತಿತ್ತು. ಮೈಕ್ ಕಚೇರಿಗಳಿಗೆ ಬಂದದ್ದು 1930ರ ದಶಕದಲ್ಲಿ.

ಈ ಕೊರತೆ ಚೌಡಯ್ಯನವರನ್ನು ಕಾಡಿತು. ಎಂಟು ವರ್ಷ ಬೆವರು ಸುರಿಸಿ ಕಲಿತ ವಿದ್ಯೆ ಹತ್ತು ಸಾಲು ದಾಟಿ ಹೋಗುವುದಿಲ್ಲ ಎಂದರೆ ಯಾರಿಗೆ ತಾನೇ ಬೇಸರವಾಗುವುದಿಲ್ಲ? ಹಿಂದೆ ಕೂತವನೂ ಆಸೆಯಿಂದಲೇ ಬಂದಿರುತ್ತಾನೆ. ಎಷ್ಟೋ ದೂರದಿಂದ ನಡೆದು ಬಂದಿರಲೂಬಹುದು. ಕಮಾನನ್ನು ಇನ್ನೂ ಒತ್ತಿ ಎಳೆದರೆ ಸದ್ದು ಹೆಚ್ಚುತ್ತದೆ ನಿಜ, ಆದರೆ ಒಂದು ಮಿತಿ ದಾಟಿದರೆ ನಾದ ಹೋಗಿ ಕಿರುಚುವುದಷ್ಟೇ ಉಳಿಯುತ್ತದೆ. ಹಾಗಾದರೆ ವಾದ್ಯವನ್ನೇ ಬದಲಿಸಬೇಕು. 1927ರಲ್ಲಿ, 32ನೇ ವಯಸ್ಸಿನಲ್ಲಿ ಅವರು ಅದಕ್ಕೆ ಕೈ ಹಾಕಿದರು. ನಾಲ್ಕು ತಂತಿಯ ಪಿಟೀಲಿಗೆ ಇನ್ನೂ ಮೂರು ತಂತಿ ಸೇರಿಸಿ ಏಳು ತಂತಿಯ ಪಿಟೀಲನ್ನು ರೂಪಿಸಿದರು.

ಮೂರು ತಂತಿ ಎಂದರೆ ಎಷ್ಟು ಕೆಲಸ?

ಮೂರು ತಂತಿ ಕಟ್ಟುವುದು ಏನು ಮಹಾ ಎಂದು ಮೊದಲು ನನಗೂ ಅನಿಸಿತ್ತು. ಚಿಂಚೋಳಿಯಲ್ಲಿ ನಮ್ಮ ಮಾಮು ಬಡಗಿ ಕೆಲಸ ಮಾಡುತ್ತಾರೆ. ಬಾಗಿಲು, ಕಿಟಕಿ, ಮಂಚ ಅವರ ಕೆಲಸ. ಪಿಟೀಲಿನ ಅಳತೆಗಳನ್ನು ಅವರ ಮುಂದೆ ಓದಿದೆ. ಕೇಳುತ್ತಾ ಅವರು ಕೈಯಲ್ಲಿದ್ದ ಉಳಿಯನ್ನು ಕೆಳಗಿಟ್ಟರು.

ಪಿಟೀಲಿನ ಪೆಟ್ಟಿಗೆ ಸುಮಾರು 35 ಸೆಂಟಿಮೀಟರ್ ಉದ್ದ. ಒಟ್ಟು ವಾದ್ಯದಲ್ಲಿ ಸಣ್ಣದು ದೊಡ್ಡದು ಸೇರಿ 70ಕ್ಕೂ ಹೆಚ್ಚು ಮರದ ತುಂಡುಗಳಿರುತ್ತವೆ. ಮೇಲಿನ ಹಲಗೆ ಸ್ಪ್ರೂಸ್ ಎಂಬ ಹಗುರ ಮರದ್ದು. ಹಿಂಬದಿ ಮತ್ತು ಪಕ್ಕೆಗಳು ಮೇಪಲ್ ಎಂಬ ಗಟ್ಟಿ ಮರದವು. ಮೇಲಿನ ಹಲಗೆಯನ್ನು ಬಗ್ಗಿಸಿ ಮಾಡುವುದಿಲ್ಲ. ದಪ್ಪ ಮರವನ್ನು ಒಳಗೂ ಹೊರಗೂ ಕೆತ್ತಿ ಕೆತ್ತಿ ಗುಮ್ಮಟದಂತೆ ಉಬ್ಬಿಸುತ್ತಾರೆ. ಕೊನೆಗೆ ಉಳಿಯುವ ದಪ್ಪ ಬರೀ 3 ಮಿಲಿಮೀಟರ್ ಆಸುಪಾಸು. ಪಕ್ಕೆಯ ಪಟ್ಟಿಗಳು ಇನ್ನೂ ತೆಳು, ಅವನ್ನು ನೀರು ಮತ್ತು ಬಿಸಿ ಕಬ್ಬಿಣದಿಂದ ಬಗ್ಗಿಸುತ್ತಾರೆ. ಎಲ್ಲವನ್ನೂ ಕೂಡಿಸುವುದು ಚರ್ಮ ಕುದಿಸಿ ತೆಗೆದ ಹಳೆಯ ಕಾಲದ ಅಂಟು. ಮುಂದೆ ಎಂದಾದರೂ ರಿಪೇರಿಗೆ ಬಿಚ್ಚಬೇಕಾದರೆ ಅದು ಮರ ಸೀಳದಂತೆ ಬಿಟ್ಟುಕೊಡುತ್ತದೆ. ಮೊಳೆಗೆ ಅಲ್ಲಿ ಕೆಲಸವಿಲ್ಲ.

ಈ ತೆಳು ಹಲಗೆಯ ಮೇಲೆ ಕುದುರೆ ನಿಂತಿರುತ್ತದೆ, ಕುದುರೆಯ ಮೇಲೆ ತಂತಿಗಳು. ಮಾಮೂಲಿ ನಾಲ್ಕು ತಂತಿಗಳ ಒಟ್ಟು ಬಿಗಿತವೇ 20ರಿಂದ 25 ಕಿಲೋ ತೂಕ ನೇತುಹಾಕಿದಷ್ಟು. ಅದರಲ್ಲಿ ಸುಮಾರು 8-9 ಕಿಲೋ ಭಾರ ಕುದುರೆಯ ಮೂಲಕ ನೇರವಾಗಿ ಹಲಗೆಯನ್ನು ಒತ್ತುತ್ತದೆ. ಇಡೀ ವಾದ್ಯದ ತೂಕ ಅರ್ಧ ಕಿಲೋ ಆಸುಪಾಸು ಎಂಬುದು ನೆನಪಿರಲಿ. ಹಲಗೆ ಕುಸಿಯದಂತೆ ಒಳಗೆ ಎರಡು ಆಧಾರಗಳಿವೆ. ಒಂದು, ಹಲಗೆಯ ಕೆಳಗೆ ಉದ್ದಕ್ಕೆ ಅಂಟಿಸಿದ ಪಟ್ಟಿ. ಇನ್ನೊಂದು, ಮೇಲಿನ ಮತ್ತು ಕೆಳಗಿನ ಹಲಗೆಗಳ ನಡುವೆ ಅಂಟಿಲ್ಲದೆ ಬಿಗಿಯಾಗಿ ನಿಲ್ಲಿಸಿದ ಬೆರಳು ಗಾತ್ರಕ್ಕಿಂತ ಸಣ್ಣ ಕಡ್ಡಿ. ಈ ಕಡ್ಡಿ ಭಾರ ಹೊರುವುದರ ಜೊತೆಗೆ ಮೇಲಿನ ಹಲಗೆಯ ಕಂಪನವನ್ನು ಕೆಳಗಿನ ಹಲಗೆಗೆ ದಾಟಿಸುತ್ತದೆ. ಅದು ಒಂದು ಮಿಲಿಮೀಟರ್ ಅತ್ತಿತ್ತ ಸರಿದರೂ ನಾದ ಬದಲಾಗುತ್ತದೆ.

ಮೂರು ತಂತಿ ಹೆಚ್ಚಿಸಿದರೆ ಈ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ಭಾರ ಹೆಚ್ಚುತ್ತದೆ, ಕತ್ತು ಮುಂದಕ್ಕೆ ಬಾಗಲು ನೋಡುತ್ತದೆ, ಹಲಗೆ ಒತ್ತುತ್ತದೆ. ಹಲಗೆಯನ್ನು ದಪ್ಪ ಮಾಡೋಣವೆಂದರೆ ಅದು ಕಂಪಿಸುವುದೇ ಇಲ್ಲ, ತಂತಿ ಹೆಚ್ಚಿಸಿದ ಉದ್ದೇಶವೇ ಹಾಳಾಗುತ್ತದೆ. ನಾಲ್ಕು ಬಿರಡೆಗಳ ಜಾಗದಲ್ಲಿ ಏಳು ಬಿರಡೆ ಕೂರಿಸಬೇಕು. ಒಂದರ ತಂತಿ ಇನ್ನೊಂದಕ್ಕೆ ತಗಲಬಾರದು. ಕುದುರೆಯ ಬೆನ್ನಿನ ಬಾಗನ್ನು ಹೊಸದಾಗಿ ಕೆತ್ತಬೇಕು. ಜೋಡಿ ತಂತಿಗಳು ಕಮಾನಿಗೆ ಒಟ್ಟಿಗೆ ಸಿಗಬೇಕು, ಪಕ್ಕದ ಜೋಡಿ ಸಿಗಬಾರದು. ಒಂದು ಕೂದಲೆಳೆಯಷ್ಟು ಹೆಚ್ಚು ಕೆತ್ತಿದರೆ ಆ ಕುದುರೆ ಕಸಕ್ಕೆ. ಇನ್ನು ನುಡಿಸುವಾಗ ಒಂದು ಬೆರಳು ಎರಡು ತಂತಿಗಳನ್ನು ಒಟ್ಟಿಗೆ ಒತ್ತಬೇಕು, ಎರಡೂ ಒಂದೇ ಸ್ವರಕ್ಕೆ ನಿಲ್ಲಬೇಕು. ಸ್ವಲ್ಪ ತಪ್ಪಿದರೆ ಅಪಸ್ವರವೂ ದೊಡ್ಡದಾಗಿಯೇ ಕೇಳುತ್ತದೆ. ಮಾಮು ಎಲ್ಲ ಕೇಳಿ, ಒಳ್ಳೆಯ ವಾದ್ಯವೊಂದನ್ನು ಕೆಡಿಸುವ ಧೈರ್ಯವಿಲ್ಲದವರು ಇಂಥ ಕೆಲಸಕ್ಕೆ ಹೋಗಬಾರದು ಎಂದರು.

ಇಷ್ಟು ಮಾಡಿದ್ದಕ್ಕೆ ಸಿಕ್ಕಿದ್ದೇನು? ಭೌತಶಾಸ್ತ್ರದ ಲೆಕ್ಕದಲ್ಲಿ ಸಮಾನ ಶಕ್ತಿಯ ಎರಡು ಧ್ವನಿಮೂಲಗಳು ಕೂಡಿದರೆ ಹೆಚ್ಚುವುದು ಸುಮಾರು 3 ಡೆಸಿಬಲ್ ಮಾತ್ರ. ಕಿವಿಗೆ ಅದು ಎರಡು ಪಟ್ಟು ಎನಿಸುವುದಿಲ್ಲ. ಆದರೆ ಜೊತೆತಂತಿ ಸೇರಿದಾಗ ನಾದದ ಬಣ್ಣವೇ ಬದಲಾಗಿ ತುಂಬಿಕೊಳ್ಳುತ್ತದೆ. ತೆಳುವಾದ ಒಂಟಿ ದನಿಯ ಬದಲು ಇಬ್ಬರು ಒಟ್ಟಿಗೆ ಹಾಡಿದಂತೆ ಕೇಳುತ್ತದೆ. ಗಾಯನ, ಮೃದಂಗಗಳ ನಡುವೆ ಕಿವಿ ಅದನ್ನು ಬೇರೆಯಾಗಿ ಗುರುತಿಸುತ್ತದೆ. ಹಿಂದಿನ ಸಾಲಿಗೆ ಬೇಕಾಗಿದ್ದದ್ದು ಅದೇ.

ಗುರುವಿಗೆ ಹೇಳದೆ ಮಾಡಿದ ಕೆಲಸ

ಕೆಲಸ ಮರದ್ದಷ್ಟೇ ಆಗಿದ್ದರೆ ಭಯವಿರಲಿಲ್ಲ. ಸಂಪ್ರದಾಯದ ಪ್ರಶ್ನೆ ಇತ್ತು. ಶಿಸ್ತಿನ ಗುರು, ಹಿರಿಯರಿಂದ ಬಂದ ಪದ್ಧತಿ, ಹೊಸದನ್ನು ಕಂಡರೆ ಹುಬ್ಬೇರಿಸುವ ವಿದ್ವಾಂಸರ ವಲಯ. ಚೌಡಯ್ಯ ಈ ಪ್ರಯೋಗವನ್ನು ಗುರುಗಳಿಗೆ ತಿಳಿಸದೆ ಮಾಡಿದರು ಎಂದು ಅವರ ಜೀವನ ಬರೆದವರು ಹೇಳುತ್ತಾರೆ. ಸಿಟ್ಟಾದರೆ ಏನು ಗತಿ ಎಂಬ ಅಂಜಿಕೆ ಶಿಷ್ಯನಿಗೆ ಇದ್ದೇ ಇತ್ತು. ಸಂಗತಿ ತಿಳಿದ ಮೇಲೆ ಕೃಷ್ಣಪ್ಪನವರು ಬೈಯಲಿಲ್ಲ, ನಾದವನ್ನು ಕೇಳಿ ಮೆಚ್ಚಿಕೊಂಡರು. ಹೊಸದನ್ನು ಕಿವಿಯಿಂದ ಪರೀಕ್ಷಿಸಿ ಒಪ್ಪಿದ ಆ ಗುರುವಿನ ದೊಡ್ಡತನವನ್ನೂ ನಾವು ಇಲ್ಲಿ ನೆನೆಯಬೇಕು. ಕೃಷ್ಣಪ್ಪನವರು 1931ರಲ್ಲಿ ತೀರಿಕೊಂಡರು.

ಎಲ್ಲರೂ ಒಪ್ಪಿದರು ಎಂದಲ್ಲ. ನಾಲ್ಕು ತಂತಿಯೇ ಶುದ್ಧ, ಉಳಿದದ್ದು ಆಡಂಬರ ಎಂದುಕೊಂಡವರಿದ್ದರು. ಅದೇ ಕಾಲದಲ್ಲಿ ದ್ವಾರಂ ವೆಂಕಟಸ್ವಾಮಿ ನಾಯ್ಡು ಮತ್ತು ಕುಂಭಕೋಣಂ ರಾಜಮಾಣಿಕ್ಯಂ ಪಿಳ್ಳೈ ನಾಲ್ಕು ತಂತಿಯಲ್ಲೇ ನುಡಿಸಿ ಬಹಳ ದೊಡ್ಡ ಹೆಸರು ಪಡೆದಿದ್ದರು. ಈ ಇಬ್ಬರು ಮತ್ತು ಚೌಡಯ್ಯ ಸೇರಿ ಆ ಕಾಲದ ಪಿಟೀಲಿನ ತ್ರಿಮೂರ್ತಿಗಳು ಎನಿಸಿಕೊಂಡರು. ಚೌಡಯ್ಯ ಯಾರೊಂದಿಗೂ ವಾದಕ್ಕೆ ನಿಲ್ಲದೆ ಕಚೇರಿಯಲ್ಲೇ ಉತ್ತರ ಕೊಟ್ಟರು. ಚೆಂಬೈ ವೈದ್ಯನಾಥ ಭಾಗವತರ ಗಂಭೀರ ಕಂಠಕ್ಕೆ ಏಳು ತಂತಿಯ ಪಿಟೀಲು ಸರಿಜೋಡಿಯಾಯಿತು. ಆ ಜೋಡಿ ದಕ್ಷಿಣ ಭಾರತದಲ್ಲೆಲ್ಲ ಪ್ರಸಿದ್ಧವಾಯಿತು. ಅರಿಯಕುಡಿ ರಾಮಾನುಜ ಅಯ್ಯಂಗಾರ್, ಮುಸಿರಿ ಸುಬ್ರಹ್ಮಣ್ಯ ಅಯ್ಯರ್ ಅವರಂಥ ದೊಡ್ಡ ಗಾಯಕರಿಗೂ ಅವರು ನುಡಿಸಿದರು.

ತಪ್ಪಿದ ಹೆಜ್ಜೆಗಳು

ಸಾಧಕರ ಜೀವನ ಬರೆಯುವಾಗ ಗೆದ್ದದ್ದನ್ನು ಮಾತ್ರ ಬರೆಯುವುದು ರೂಢಿ. ಗೆಲ್ಲದಿದ್ದದ್ದನ್ನೂ ಹೇಳಬೇಕು. ಏಳು ತಂತಿ ಯಶಸ್ವಿಯಾದ ಮೇಲೆ ಚೌಡಯ್ಯ ಅಲ್ಲಿಗೇ ನಿಲ್ಲದೆ 19 ತಂತಿಯ ಪಿಟೀಲನ್ನೂ ಪ್ರಯೋಗಿಸಿ ನೋಡಿದರು. ಅದು ನಿಲ್ಲಲಿಲ್ಲ, ಅವರು ಏಳು ತಂತಿಗೇ ಮರಳಿದರು. ಹೆಚ್ಚು ಸೇರಿಸಿದಷ್ಟೂ ಒಳ್ಳೆಯದು ಎಂಬ ಹಟ ಅವರಿಗಿರಲಿಲ್ಲ. ಎಲ್ಲಿ ಸಾಕು ಎಂಬುದನ್ನು ನುಡಿಸಿ ನೋಡಿಯೇ ತಿಳಿದುಕೊಂಡರು.

ಸಿನಿಮಾದ ಕಡೆಗೂ ಅವರು ಕೈ ಚಾಚಿದರು. ಸಂಗೀತವೇ ಜೀವಾಳವಾದ ‘ವಾಣಿ’ ಎಂಬ ಕನ್ನಡ ಚಿತ್ರ 1943ರಲ್ಲಿ ಬಂದದ್ದು ಅವರ ಆಸಕ್ತಿಯಿಂದ. ಆ ಚಿತ್ರದಲ್ಲಿ ಚೆಂಬೈಯವರ ಕಚೇರಿಯೂ ಇತ್ತು. ಮೈಸೂರಿನಲ್ಲಿ ಅಯ್ಯನಾರ್ ಸಂಗೀತ ಕಾಲೇಜನ್ನು ಸ್ಥಾಪಿಸಿದರು. ಸಂಗೀತದ ಮನೆತನದಲ್ಲಿ ಹುಟ್ಟದವರಿಗೂ ಕಲಿಯಲು ಒಂದು ಬಾಗಿಲು ಬೇಕು ಎಂಬುದು ಅವರ ಸ್ವಂತ ಬದುಕಿನ ಪಾಠವೇ ಆಗಿತ್ತು.

ಮನ್ನಣೆ

1939ರಲ್ಲಿ ಚೌಡಯ್ಯ ಮೈಸೂರು ಆಸ್ಥಾನ ವಿದ್ವಾಂಸರಾದರು. 1957ರಲ್ಲಿ ಎರಡು ದೊಡ್ಡ ಗೌರವಗಳು ಒಟ್ಟಿಗೆ ಬಂದವು. ಒಂದು ಕೇಂದ್ರ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ, ಇನ್ನೊಂದು ಮದರಾಸಿನ ಮ್ಯೂಸಿಕ್ ಅಕಾಡೆಮಿಯ ಸಂಗೀತ ಕಲಾನಿಧಿ. ಕರ್ನಾಟಕ ಸಂಗೀತದಲ್ಲಿ ಸಂಗೀತ ಕಲಾನಿಧಿಗಿಂತ ದೊಡ್ಡ ಬಿರುದು ಇಲ್ಲವೆಂದೇ ಎಣಿಕೆ. ಹಾಡುವವರ ಪಕ್ಕದಲ್ಲಿ ಕೂರುತ್ತಿದ್ದ ಕಲಾವಿದನಿಗೆ ವೇದಿಕೆಯ ನಡುಜಾಗ ಸಿಕ್ಕಿದ ವರ್ಷ ಅದು. 1967ರ ಜನವರಿ 19ರಂದು, 72ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು. ಅವರ ಶಿಷ್ಯರಲ್ಲಿ ಕಂಡದೇವಿ ಅಳಗಿರಿಸ್ವಾಮಿಯವರಂಥವರು ಮುಂದೆ ಹೆಸರಾದರು.

ಅವರ ನೆನಪಿಗೆ 1980ರಲ್ಲಿ ಬೆಂಗಳೂರಿನಲ್ಲಿ ಕೆ. ಕೆ. ಮೂರ್ತಿಯವರ ಮುಂದಾಳತ್ವದಲ್ಲಿ ಚೌಡಯ್ಯ ಸ್ಮಾರಕ ಭವನ ಕಟ್ಟಲಾಯಿತು. ಕಟ್ಟಡವೇ ಪಿಟೀಲಿನ ಆಕಾರದಲ್ಲಿದೆ. ಕುದುರೆ, ಬಿರಡೆ, ಕಮಾನು ಎಲ್ಲವೂ ಇವೆ. ಬೆಂಗಳೂರಿಗೆ ಹೋದವರು ನೋಡಿ, ತಂತಿಗಳನ್ನು ಎಣಿಸಿ. ಏಳು ಇವೆ.

ನಮಗೇನು?

ನಮ್ಮ ಕುಂಚಾವರಂ ರಾಜ್ಯದ ಅಂಚಿನ ಊರು. ಕಾಡಿನ ಆಚೆಗೆ ತೆಲಂಗಾಣ. ಕನ್ನಡ, ತೆಲುಗು, ಉರ್ದು, ಲಂಬಾಣಿ ಎಲ್ಲ ಮಾತೂ ನಮ್ಮ ತರಗತಿಯಲ್ಲಿವೆ. ದೊಡ್ಡ ಊರುಗಳಲ್ಲಿ ಆಗುವ ಮಾತು ಎಷ್ಟೋ ಸಲ ನಮ್ಮ ತನಕ ಬರುವಷ್ಟರಲ್ಲಿ ಸಣ್ಣದಾಗಿರುತ್ತದೆ. ಹಿಂದಿನ ಸಾಲಿನಲ್ಲಿ ಕೂರುವುದು ಹೇಗಿರುತ್ತದೆ ಎಂದು ನಮಗೆ ಗೊತ್ತು. ಅದಕ್ಕೇ ಚೌಡಯ್ಯನವರ ಕೆಲಸ ನನಗೆ ಹತ್ತಿರವೆನಿಸಿತು. ಮುಂದಿನ ಸಾಲಿನವರು ಅವರನ್ನು ಆಗಲೇ ಹೊಗಳುತ್ತಿದ್ದರು. ಅಷ್ಟಕ್ಕೇ ತೃಪ್ತರಾಗಿದ್ದರೆ ಏಳು ತಂತಿ ಹುಟ್ಟುತ್ತಿರಲಿಲ್ಲ.

ಪಿಟೀಲು ಚೌಡಯ್ಯ ತರಬೇತಿ ಪಡೆದ ಎಂಜಿನಿಯರ್ ಆಗಿರಲಿಲ್ಲ. ತಮ್ಮ ವಾದ್ಯದ ಕೊರತೆ ಏನೆಂದು ದಿನವೂ ಅದನ್ನು ಹಿಡಿಯುವವರಾಗಿ ಅವರಿಗೆ ಗೊತ್ತಿತ್ತು, ಅಷ್ಟೆ. ನಮ್ಮ ಮನೆಗಳಲ್ಲೂ ಉಳಿ, ಗರಗಸ, ಹೊಲಿಗೆ ಯಂತ್ರ, ವೆಲ್ಡಿಂಗ್ ಮಷೀನು ಹಿಡಿದು ಕೆಲಸ ಮಾಡುವ ಅಬ್ಬಾ, ಚಾಚಾ, ಅಣ್ಣಂದಿರು ಇದ್ದಾರೆ. ಯಾವ ಉಪಕರಣ ಎಲ್ಲಿ ಕೈಕೊಡುತ್ತದೆ ಎಂಬುದು ಅವರಿಗೆ ಗೊತ್ತು. ನಮಗೆ ಸೂತ್ರಗಳು ಗೊತ್ತು. ಈ ಎರಡು ಒಂದೇ ಮನೆಯಲ್ಲಿ ಕೂತು ಮಾತಾಡಿದರೆ ಏನಾದರೂ ಆದೀತು. ಈ ಲೇಖನ ಬರೆಯುವ ನೆಪದಲ್ಲಿ ಮಾಮುವಿನ ಜೊತೆ ನಾನು ಮೊದಲ ಸಲ ಅಷ್ಟು ಹೊತ್ತು ಮಾತಾಡಿದೆ.

ಈ ವರ್ಷದ ವಾರ್ಷಿಕೋತ್ಸವಕ್ಕೆ ಜನರೇಟರ್ ತರಿಸುತ್ತಾರಂತೆ. ಅದೂ ಕೈಕೊಟ್ಟರೆ ಹಾಡುವವರು ಹಾಡು ನಿಲ್ಲಿಸದಿರಲಿ. ಹಿಂದೆ ನಿಂತಿರುವ ನಾವು ಮಾತು ನಿಲ್ಲಿಸಿ ಎರಡು ಹೆಜ್ಜೆ ಮುಂದೆ ಬರೋಣ.